ಉಳಿದ ಎರಡು ಬಾಳೆಹಣ್ಣು

ಆಮೆ ಮಾಸ್ತರರು "ಭಾಗಾಕಾರ ಎಂದರೆ" ಎಂದು ಬಾಯಿ ತೆರೆಯುವಷ್ಟರಲ್ಲಿ ಐದೂ ಕೋತಿಮರಿಗಳು ಮರ ಹತ್ತಿಬಿಡುತ್ತಿದ್ದವು. ಹೀಗೇ ಆದರೆ ಶಾಲೆ ಮುಚ್ಚಬೇಕಾದೀತೆಂದು ಕಂಗಾಲಾದ ಮಾಸ್ತರರು ಒಂದು ದಿನ ಪಾಠದ ಮಾತೇ ಎತ್ತಲಿಲ್ಲ. ಹನ್ನೆರಡು ಬಾಳೆಹಣ್ಣು ಮುಂದಿಟ್ಟು, "ಸಮನಾಗಿ ಹಂಚಿಕೊಳ್ಳಿ" ಎಂದು ಸುಮ್ಮನೆ ಕೂತರು.

ಮರಿಗಳು ಕಿತ್ತಾಡಿ, ಎಣಿಸಿ, ಕೊನೆಗೆ ತಲಾ ಎರಡು ತೆಗೆದುಕೊಂಡವು. ಎರಡು ಉಳಿದವು.

"ಇವು ಯಾರಿಗೆ, ಮಾಸ್ತರೇ?"

"ಇದಕ್ಕೆ ಶೇಷ ಎನ್ನುತ್ತಾರೆ. ಶೇಷ ಮಾಸ್ತರರಿಗೆ" ಎಂದು ಎರಡನ್ನೂ ನಿಧಾನವಾಗಿ ತಿಂದರು.

ಮರುದಿನವೂ ಅವರು ಹನ್ನೆರಡು ಹಣ್ಣು ಹೊತ್ತು ಬಂದರೆ, ಮರಿಗಳು ಆಗಲೇ ಸಾಲಾಗಿ ಕೂತಿದ್ದವು. ಪಕ್ಕದ ಮರದಿಂದ ಆರನೆಯ ಮರಿಯೊಂದನ್ನು ಎಳೆದು ತಂದಿದ್ದವು.

"ಇವತ್ತು ಶೇಷ ಇಲ್ಲ, ಮಾಸ್ತರೇ."

ಅಂದು ಮಾಸ್ತರರು ಖಾಲಿ ಹೊಟ್ಟೆಯಲ್ಲಿ, ಹಾಡು ಗುನುಗುತ್ತ ಮನೆಗೆ ಹೋದರು.