ಮೆಣಸಿನಕಾಯಿ ವರ್ತಕನ ಮನೆಗಾಡಿ

“ಗುರುಗಳೇ, ಏಕಾಂತಕ್ಕೆ ಹೊರಡುವವನು ಏನೇನು ಒಯ್ಯಬೇಕು?” ಎಂದು ಗುರುಪಾದ ಕೇಳಿದ.

ಗುಡ್ಡದ ಗವಿಯಲ್ಲಿ ಒಂದು ವರ್ಷ ಮೌನವಾಗಿ ಕೂರಬೇಕೆಂಬುದು ಈ ಶಿಷ್ಯನ ಆಸೆ. ಆಸೆ ಹುಟ್ಟಿ ಮೂರು ವರ್ಷವಾಗಿತ್ತು. ಗವಿ ಇದ್ದದ್ದು ಮಠದಿಂದ ಎರಡೇ ಹರದಾರಿ ದೂರದಲ್ಲಿ. ಅವನು ಬರೆದಿಟ್ಟುಕೊಂಡ ಪಟ್ಟಿ ಮಾತ್ರ ನಾಲ್ಕು ಹಾಳೆ ದಾಟಿತ್ತು. ಗ್ರಂಥಗಳು, ಕಂಬಳಿಗಳು, ಕಷಾಯದ ಬೇರುಗಳು, ಬೆನ್ನುನೋವಿಗೆ ಒಂದು ಎಣ್ಣೆ, ಮೊಣಕಾಲಿಗೆ ಇನ್ನೊಂದು. ಗುರುಗಳು ಪಟ್ಟಿಯನ್ನು ಕೊನೆಯವರೆಗೂ ಓದಿದರು. ಮಡಚಿ ಅವನಿಗೇ ಕೊಟ್ಟು ಈ ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಅವನ ಹೆಂಡತಿಯ ಕಣ್ಣಿಗೆ ಒಂದು ರೋಗ ತಗುಲಿತು. ನೋಟ ಅಂಚಿನಿಂದ ಸವೆಯುತ್ತ ಬಂತು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಇನ್ನು ಮೂರು ವರ್ಷ, ಹೆಚ್ಚೆಂದರೆ ನಾಲ್ಕು ಎಂದರು ವೈದ್ಯರು.

ಕಣ್ಣಿರುವಾಗಲೇ ಏನು ನೋಡಬೇಕು ಹೇಳು ಎಂದು ವರ್ತಕ ಹೆಂಡತಿಯನ್ನು ಕೇಳಿದ. ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅವಳು ಚಿಕ್ಕವಳಿದ್ದಾಗ ಊರ ಕೆರೆಗೆ ಒಮ್ಮೆ ಉದ್ದ ಕಾಲಿನ, ಗುಲಾಬಿ ಗರಿಯ ಏಳು ರಾಜಹಂಸಗಳು ಬಂದು ಇಳಿದಿದ್ದವು. ಪಶ್ಚಿಮದ ಉಪ್ಪಿನ ಮರುಭೂಮಿಯಲ್ಲಿ ಇವು ಲಕ್ಷಗಟ್ಟಲೆ ಸೇರುತ್ತವೆ ಎಂದು ಅವಳಪ್ಪ ಹೇಳಿದ್ದ. ಅದನ್ನು ನೋಡಬೇಕು ಎಂದಳು. ಬೇರೇನೂ ಕೇಳಲಿಲ್ಲ.

ಅಲ್ಲಿ ರಸ್ತೆಯಿಲ್ಲ, ವಸತಿಯಿಲ್ಲ. ಹಾಗಾಗಿ ಮನೆಯನ್ನೇ ಬೆನ್ನ ಮೇಲೆ ಹೊತ್ತುಕೊಂಡು ಹೋಗುವ ಗಾಡಿ ಬೇಕು ಎಂದು ವರ್ತಕ ತೀರ್ಮಾನಿಸಿದ. ತಪ್ಪೇನಿಲ್ಲ. ಆದರೆ ಪಿಕಪ್ ಆರಿಸುವುದರಲ್ಲೇ ಎಂಟು ತಿಂಗಳು ಕಳೆದವು. ಒಂದರ ಹೊಟ್ಟೆ ನೆಲಕ್ಕೆ ತೀರ ಹತ್ತಿರ, ಕಲ್ಲು ತಾಗುತ್ತದೆ. ಒಂದರ ಹಿಂಭಾಗ ಗಿಡ್ಡ, ಕಾಲು ಚಾಚಿ ಮಲಗುವಂತಿಲ್ಲ. ಇನ್ನೊಂದರಲ್ಲಿ ಹಿಂದಿನ ಎರಡೇ ಚಕ್ರಕ್ಕೆ ಎಳೆತ. ಕೊನೆಗೆ ನಾಲ್ಕೂ ಚಕ್ರ ಎಳೆಯುವ, ಹಿಂಭಾಗ ಉದ್ದವಾಗಿರುವ ಒಂದನ್ನು ಒಪ್ಪಿ, ಲಾರಿಗಳಿಗೆ ಬಾಡಿ ಕಟ್ಟುವ ಮೇಸ್ತ್ರಿಯ ಬಳಿ ಒಯ್ದ.

ಮೇಸ್ತ್ರಿ ಅನುಭವಸ್ಥ. ಸುತ್ತ ತೆಳು ತಗಡು, ಮೇಲೆ ತಾಡಪತ್ರಿ, ಒಳಗೆ ಒಂದು ಮಂಚ, ಒಂದು ಒಲೆ, ನೀರಿಗೆ ಎರಡು ಕ್ಯಾನು. ಹದಿನೈದು ದಿನದಲ್ಲಿ ಮುಗಿಸಿ ಕೊಡುತ್ತೇನೆ ಎಂದ. ವರ್ತಕ ನಕ್ಕುಬಿಟ್ಟ. ಮೂವತ್ತು ವರ್ಷ ಲಾರಿಗಳಿಗೆ ಸರಕು ಹೇರಿಸಿದವನು ಅವನು. ಖಾಲಿ ಲಾರಿ ರಸ್ತೆಯ ಮೇಲೆ ಕುಣಿಯುತ್ತದೆ, ಭಾರ ಬಿದ್ದರೆ ಚಕ್ರ ನೆಲ ಕಚ್ಚಿ ಓಡುತ್ತದೆ ಎಂಬುದು ಅವನ ಕಸುಬು ಅವನಿಗೆ ಕಲಿಸಿದ ಪಾಠ. ಡಾಂಬರಿನ ಮೇಲೆ ಅದು ನಿಜವೂ ಹೌದು.

ತಗಡು ಬೇಡ, ತೇಗದ ಹಲಗೆ ಹಾಕು ಎಂದ. ನೀರಿಗೆ ಇನ್ನೂರು ಲೀಟರಿನ ಟ್ಯಾಂಕು ಬಂತು. ಫ್ರಿಜ್ಜು ಬಂತು. ಫ್ರಿಜ್ಜಿಗೆ ಬ್ಯಾಟರಿ, ಬ್ಯಾಟರಿಗೆ ಸೋಲಾರು. ಚಟ್ನಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಹೇಗೆ ಇಳಿದೀತು ಎಂದು ಮಿಕ್ಸಿಯೂ ಬಂತು. ದೇವರಿಗೊಂದು ಗೂಡು ಮಾಡಿಸಿದ, ಗೂಡಿಗೊಂದು ಗಂಟೆ ಕಟ್ಟಿಸಿದ. ಅಷ್ಟರಲ್ಲಿ ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನುಪಟ್ಟಿಗಳು ಬಗ್ಗಿಹೋದವು. ಇನ್ನೆರಡು ಪಟ್ಟಿ ಸೇರಿಸಿದರು. ಸೇರಿಸಿದ ಮೇಲೆ, ಇನ್ನೂ ಏನಾದರೂ ಇಡಬಹುದಲ್ಲ ಎನ್ನಿಸಿತು.

ಪ್ರತಿಯೊಂದನ್ನೂ ಅವನು ಅವಳಿಗಾಗಿಯೇ ಮಾಡಿಸಿದ. ಕಷ್ಟ ಇರುವುದೇ ಅಲ್ಲಿ. ಪ್ರೀತಿಯಿಂದ ಮಾಡುವ ತಡವನ್ನು ತಪ್ಪು ಎನ್ನಲು ಯಾರಿಗೆ ಬಾಯಿ ಬರುತ್ತದೆ?

“ಈ ಸಲನಾರ ಹೋಗೂಣೇನ್ರಿ?” ಎಂದು ಪ್ರತಿ ಚಳಿಗಾಲ ಅವಳು ಕೇಳುತ್ತಿದ್ದಳು.

“ಇನ್ನೊಂದೀಟು ಕೆಲಸ ಐತಿ. ಮುಂದಿನ ಸಲ ಆರಾಮಾಗಿ ಹೋಗೂಣು” ಎನ್ನುತ್ತಿದ್ದ ವರ್ತಕ.

ಮೂರನೆಯ ಚಳಿಗಾಲದ ಒಂದು ಮಧ್ಯಾಹ್ನ ಅವಳು ಊಟಕ್ಕೆ ಬಡಿಸುತ್ತ ರೊಟ್ಟಿಯನ್ನು ತಾಟಿನ ಪಕ್ಕ, ನೆಲದ ಮೇಲೆ ಇಟ್ಟಳು. ಇಟ್ಟದ್ದು ಅವಳಿಗೆ ತಿಳಿಯಲಿಲ್ಲ. ಪಲ್ಯ ತರಲು ಒಳಗೆ ಹೋದಳು.  ವರ್ತಕ ಆ ರೊಟ್ಟಿಯನ್ನು ಎತ್ತಿಕೊಂಡು ಸದ್ದಿಲ್ಲದೆ ತಿಂದ. ಮರುದಿನ ಬೆಳಿಗ್ಗೆಯೇ ಇಬ್ಬರೂ ಹೊರಟರು.

ಐದನೆಯ ದಿನದ ಬೆಳಿಗ್ಗೆ ಉಪ್ಪಿನ ಬಯಲಿನ ದಡ ಮುಟ್ಟಿದರು. ಅಲ್ಲಿ ಉಪ್ಪು ತೆಗೆಯುವವನೊಬ್ಬ ಸಿಕ್ಕ. ಅವನ ಜನ ಬಯಲಿಗೆ ಇಳಿಯುವ ಮೊದಲು ಬರಿಗಾಲಿನ ಹಿಮ್ಮಡಿಯಿಂದ ನೆಲ ಕುಟ್ಟಿ ಸದ್ದು ಕೇಳುತ್ತಾರೆ. ಗಟ್ಟಿ ಸದ್ದು ಬಂದರೆ ಉಪ್ಪಿನ ಪದರ ದಪ್ಪಗಿದೆ ಎಂದರ್ಥ. ಟೊಳ್ಳು ಸದ್ದು ಬಂದರೆ ಕೆಳಗಿರುವುದು ಕೆಸರು. ಅವನು ಕುಟ್ಟಿ ಕೇಳಿದ. ಗಾಡಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ನಡೆದುಕೊಂಡೇ ಬನ್ನಿ ಎಂದ. ಹಕ್ಕಿಗಳು ಅರ್ಧ ಹರದಾರಿ ಆಚೆ ಇವೆ, ಗಾಳಿ ಸಮುದ್ರದ ಕಡೆಯಿಂದ ತಿರುಗಿದೆ, ಬಯಲಿಗೆ ನೀರು ನುಗ್ಗಿದರೆ ಇವತ್ತೇ ಎದ್ದು ಹೋಗುತ್ತವೆ ಎಂದ. ಅವನ ಭಾಷೆ ಅರ್ಧ ತಿಳಿಯಿತು, ಉಳಿದರ್ಧವನ್ನು ಕೈಸನ್ನೆ ತಿಳಿಸಿತು. ವರ್ತಕನಿಗೆ ಮಾತ್ರ ತನ್ನ ಗಾಡಿಯ ಮೇಲೆಯೇ ನಂಬಿಕೆ. ಇಷ್ಟು ಭಾರವಿದೆ, ನೆಲ ಹಿಡಿಯದೆ ಎಲ್ಲಿ ಹೋಗುತ್ತದೆ ಎಂದು ಇಳಿಸಿಯೇ ಬಿಟ್ಟ.

ನೂರು ಮಾರು ಹೋಗುವಷ್ಟರಲ್ಲಿ ನೆಲ ಹಪ್ಪಳದ ಹಾಗೆ ಮುರಿಯಿತು. ನಾಲ್ಕೂ ಚಕ್ರ ತಿರುಗಿದವು. ನಾಲ್ಕೂ ತಮ್ಮ ತಮ್ಮ ಗುಂಡಿ ತೋಡಿಕೊಂಡವು. ಅಚ್ಚಿನವರೆಗೆ ಹೂತ ಮೇಲೆ ಗಾಡಿ ನಿಂತಿತು. ಕೆಳಗಿನಿಂದ ಉಪ್ಪುನೀರು ಒಸರತೊಡಗಿತು.

ವರ್ತಕ ಸಲಿಕೆ ಹಿಡಿದ. ಟ್ಯಾಂಕು ಬರಿದು ಮಾಡಿ, ಸಾಮಾನು ಇಳಿಸಿ, ಚಕ್ರದಡಿ ಹಲಗೆ ಕೊಟ್ಟರೆ ಮಧ್ಯಾಹ್ನದೊಳಗೆ ಮೇಲೆತ್ತಬಹುದು. ಬಿಟ್ಟು ಹೋದರೆ, ನೀರು ಬಂದು ಸಡಿಲವಾದ ಕೆಸರು ಗಾಡಿಯನ್ನು ನುಂಗುತ್ತದೆ. ಮೂರು ವರ್ಷದ ದುಡಿಮೆ ಕಣ್ಣೆದುರೇ ಇಂಚಿಂಚಾಗಿ ಇಳಿಯುತ್ತಿತ್ತು. ಅವನಿಗೆ ಅಳು ಬಂತು.

“ನೀವು ಗಾಡಿ ನೋಡ್ರಿ. ನಾ ಈ ಅಣ್ಣನ ಹಿಂದ ಹೋಗಿ ಬರ್ತೀನಿ” ಎಂದಳು ಹೆಂಡತಿ. ದನಿಯಲ್ಲಿ ಮುನಿಸಿರಲಿಲ್ಲ. ಹೇಳಿ ಹೊರಟವಳಿಗೆ ಪಕ್ಕದಲ್ಲೇ ತೆರೆದುಕೊಂಡಿದ್ದ ಗಾಡಿಯ ಬಾಗಿಲು ಕಾಣಲಿಲ್ಲ. ಅದರ ಅಂಚಿಗೆ ಹಣೆ ಬಡಿಯಿತು. ಹಣೆ ಉಜ್ಜಿಕೊಂಡು, ಏನೂ ಆಗದವಳ ಹಾಗೆ ಮತ್ತೆ ಹೆಜ್ಜೆ ಇಟ್ಟಳು.

ವರ್ತಕ ಸಲಿಕೆ ಬಿಸುಟ. ಓಡಿ ಹೋಗಿ ಅವಳ ಮೊಣಕೈ ಹಿಡಿದ. ಮೂವರೂ ನಡೆದರು. ಮೊದಲ ಅರ್ಧ ದಾರಿ ಅವನು ಹತ್ತು ಸಲವಾದರೂ ಹಿಂದಿರುಗಿ ನೋಡಿದ. ಆಮೇಲೆ ಅವಳ ಪಾದ ಬಿರುಕಿನಲ್ಲಿ ಸಿಕ್ಕದಂತೆ ಕಾಯುವುದರಲ್ಲಿ ಮರೆತ.

ದೂರದಲ್ಲಿ ನೆಲ ಮುಗಿಯುವ ಕಡೆ ಒಂದು ಕೆಂಪು ಗೆರೆ ಕಂಡಿತು. ಅವನು ಅವಳ ಭುಜ ಹಿಡಿದು ಅತ್ತ ತಿರುಗಿಸಿದ. ಯಾರೋ ಗುಲಾಲು ಚೆಲ್ಲಿದ್ದಾರೆ ಎಂದುಕೊಂಡಳು ಅವಳು. ಹತ್ತಿರ ಹೋದಂತೆ ಗೆರೆ ದಪ್ಪವಾಯಿತು. ಅದಕ್ಕೆ ಕಾಲುಗಳು ಬಂದವು, ಕೊರಳುಗಳು ಬಂದವು, ಸದ್ದು ಬಂತು. ಗೋದಾಮಿನ ಬಾಗಿಲಲ್ಲಿ ನಿಂತು ಒಂದೇ ನೋಟಕ್ಕೆ ಚೀಲ ಎಷ್ಟೆಂದು ಹೇಳುತ್ತಿದ್ದ ವರ್ತಕ, ಇಲ್ಲಿ ಅಂದಾಜಿಗೂ ಕೈಹಾಕಲಿಲ್ಲ.

ಆಗ ನೀರು ಬಂತು. ಪಾದ ಮುಳುಗುವಷ್ಟೇ ನೀರು. ಹಕ್ಕಿಗಳು ಎದ್ದವು. ಒಂದೊಂದಾಗಿ ಅಲ್ಲ, ನೆಲವೇ ಎದ್ದಿತು. ರೆಕ್ಕೆಗಳು ಬಿಚ್ಚಿ ಒಳಗೆ ಅಡಗಿದ್ದ ಕೆಂಪು ಹೊರಬಿದ್ದು ಆಕಾಶದ ತುಂಬ ಹರಡಿತು. ಅವುಗಳ ನೆರಳು ಇವರ ಮೇಲೆ ಹರಿಯಿತು, ಹರಿಯುತ್ತಲೇ ಇತ್ತು. ಅವಳಿಗೆ ಉಳಿದಿದ್ದ ನೋಟ ಬೊಗಸೆಯಷ್ಟು. ಆ ಬೊಗಸೆಯನ್ನು ಅವಳು ಎತ್ತ ತಿರುಗಿಸಿದರೂ ಅದು ತುಂಬಿತ್ತು. ಅಂಚಿನ ಕತ್ತಲೆ ಅವಳಿಗೆ ಮರೆತೇಹೋಯಿತು. ವರ್ತಕ ಉಪ್ಪುನೀರಿನಲ್ಲಿ ಮೊಣಕಾಲೂರಿ ಕೂತುಬಿಟ್ಟ. ಇಂಥದ್ದೊಂದು ಲೋಕದಲ್ಲಿದೆ, ಇಷ್ಟು ವರ್ಷ ತಾನು ಹೊರಡುತ್ತಿದ್ದದ್ದು ಇದರ ಕಡೆಗೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

“ನಿಮಗೂ ಕಾಣಾಕತ್ತೈತೇನ್ರಿ?” ಎಂದು ಅವಳು ಕೇಳಿದಳು.  ಅವನು ಅವಳ ಕೈಯನ್ನು ಎಳೆದು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡ.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು.    ಗುರುಪಾದ ತಡೆಯಲಾರದೆ ಕೇಳಿದ:

“ಗುರುಗಳೇ, ಆಮೇಲೆ ಆ ಗಾಡಿ ಏನಾಯಿತು?”

“ಆಕೆ ಹಕ್ಕಿಗಳನ್ನು ಕಂಡಳು ಎಂದೆ, ನೀನು ಗಾಡಿ ಏನಾಯಿತು ಎನ್ನುತ್ತೀ.”