ಶತಪದಿಯ ಒಂದು ದಿನದ ಪಾಸು

ಶತಪದಿಯೊಂದು ನಗರದರ್ಶನದ ಪಾಸು ಕೊಂಡಿತು. ಅರಮನೆ, ಮೃಗಾಲಯ, ಬೆಟ್ಟ, ಕೆರೆ, ಎಲ್ಲಕ್ಕೂ ಅದೊಂದೇ ಪಾಸು. ಸೂರ್ಯ ಮುಳುಗಿದರೆ ಅದೂ ಮುಗಿಯಿತು. "ಇಷ್ಟೊಂದು ಕಾಲು ಕೊಟ್ಟ ದೇವರು ಒಂದೇ ಜಾಗ ನೋಡು ಅಂತ ಕೊಟ್ಟಿರುತ್ತಾನೆಯೇ?" ಎಂದುಕೊಂಡು, ಬಿರುಸಾಗಿ ಓಡಾಡಲೆಂದು ಕಾಲುಕಾಲಿಗೂ ಹೊಸ ಚಪ್ಪಲಿ ಮೆಟ್ಟಿ ಬೆಳಗ್ಗೆಯೇ ಹೊರಟಿತು.

ಅರಮನೆಯ ಬಾಗಿಲಲ್ಲಿ ಕಾವಲಿಗಿದ್ದ ನಾಯಿ ತಡೆಯಿತು. "ಚಪ್ಪಲಿ ಹೊರಗೆ ಬಿಡಿ, ಸ್ವಾಮಿ."

ಶತಪದಿ ಕೂತು ಒಂದೊಂದೇ ಪಟ್ಟಿ ಬಿಚ್ಚತೊಡಗಿತು. ಕೊನೆಯದನ್ನು ಬಿಚ್ಚುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. "ಅಯ್ಯೋ, ಮೃಗಾಲಯಕ್ಕೆ ಹೊತ್ತಾಯಿತು!" ಎಂದು ಹೊಸ್ತಿಲನ್ನೂ ದಾಟದೆ ಮತ್ತೆ ಮೆಟ್ಟಿಕೊಳ್ಳಲು ಶುರುಮಾಡಿತು.

ಅರ್ಧ ಮೆಟ್ಟಿದ್ದಾಗ ಒಳಗಿನಿಂದ ಬಸವನಹುಳು ತೆವಳುತ್ತ ಬಂತು.

"ಎಷ್ಟು ನೋಡಿದಿರಿ?" ಎಂದು ಶತಪದಿ ತಲೆಯೆತ್ತದೆ ಕೇಳಿತು.

"ಒಂದೇ ಹಜಾರ. ಚಾವಣಿಯಲ್ಲಿ ಬಣ್ಣದ ಗಾಜಿನ ನವಿಲಿದೆ. ಬಿಸಿಲಿಗೆ ಅದರ ನೀಲಿ ಬೆಳಕು ನೆಲಕ್ಕಿಳಿದು, ಮೆಲ್ಲಗೆ ನನ್ನ ಬೆನ್ನು ದಾಟಿ ಹೋಯಿತು. ನೀವೇನು ನೋಡಿದಿರಿ?"

ಶತಪದಿ ಸುತ್ತ ಕಣ್ಣಾಡಿಸಿತು. "ಚಪ್ಪಲಿ," ಎಂದಿತು. ತನಗೇ ನಗು ಬಂತು. "ಆ ನವಿಲು ಇನ್ನೂ ನೆಲದ ಮೇಲಿದೆಯೇ?"

"ಬಿಸಿಲಿರುವ ತನಕ ಇರುತ್ತದೆ. ಈಗ ಕಂಬದ ಹತ್ತಿರ ಹೋಗಿರಬೇಕು."

ಪಟ್ಟಿ ಹರಿದರೆ ಹರಿಯಲಿ ಎಂದು ಶತಪದಿ ಮೆಟ್ಟಿದ್ದನ್ನೆಲ್ಲ ಕಿತ್ತೆಸೆದು ಬರಿಗಾಲಲ್ಲಿ ಒಳಕ್ಕೆ ಓಡಿತು.

ಆಮೇಲೆ ಬಂದ ಪ್ರವಾಸಿಗರು ಬಾಗಿಲಲ್ಲಿ ಬಿದ್ದಿದ್ದ ಚಪ್ಪಲಿಯ ರಾಶಿ ಕಂಡು, "ಒಳಗೆ ಕಾಲಿಡಲೂ ಜಾಗವಿರಲಿಕ್ಕಿಲ್ಲ, ಮೊದಲು ಕೆರೆ ನೋಡೋಣ" ಎಂದು ತಿರುಗಿ ಹೋದರು. ಸಂಜೆಯವರೆಗೂ ಆ ದೊಡ್ಡ ಹಜಾರದಲ್ಲಿ ಶತಪದಿ ಮತ್ತು ನವಿಲು, ಇಬ್ಬರೇ.