ಹುಸೇನಪ್ಪ ಒತ್ತಿದ ಸೀಲು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ಬಯಲುಸೀಮೆಯ ಒಂದೂರಲ್ಲಿ ಹುಸೇನಪ್ಪ ಎಂಬ ಮೆಕ್ಯಾನಿಕ್ ಇದ್ದನಂತೆ. ಪಿಸ್ಟನ್ ಆಡಿಸುವ ಕನೆಕ್ಟಿಂಗ್ ರಾಡನ್ನು ದಾರಕ್ಕೆ ತೂಗುಬಿಟ್ಟು ಸ್ಪ್ಯಾನರಿನಿಂದ ತಟ್ಟುತ್ತಿದ್ದನಂತೆ. ಗಂಟೆಯ ಹಾಗೆ ನಾದ ಬಂದರೆ ರಾಡು ಗಟ್ಟಿ, ಮಂಕು ಸದ್ದು ಬಂದರೆ ಒಳಗೆ ಬಿರುಕು. ಮೂರು ಹೊಲದಾಚೆ ಹೋಗುವ ಬೈಕಿನ ಕಾಯಿಲೆಯನ್ನೂ ಕೂತಲ್ಲೇ ಹೇಳುತ್ತಿದ್ದನಂತೆ. ಇದು ಸ್ವಲ್ಪ ಜಾಸ್ತಿಯಾಯಿತು, ಇರಲಿ.

ಬೇಸಿಗೆಯಲ್ಲಿ ಕೆರೆ ಬತ್ತಿದರೆ ಅದರ ಅಂಗಳದಲ್ಲಿ ಇಬ್ಬಿಬ್ಬರಂತೆ ಬೈಕ್ ಓಡಿಸುವ ಪಂದ್ಯ. ಕಾಲು ಮೈಲಿ, ನೇರ. ಒಂದು ವರ್ಷ ಲೇತ್ ಮಷಿನ್ ಇಟ್ಟಿದ್ದ ಮೌನೇಶ ತಾನೇ ಕಡೆದ ಹಗುರ ರಾಡು ಹಾಕಿ ಎಲ್ಲರನ್ನೂ ಸೋಲಿಸಿದ. ಹುಸೇನಪ್ಪನಿಗೆ ಮೈಯೆಲ್ಲ ಉರಿಯಿತು. ಮುಂದಿನ ಪಂದ್ಯಕ್ಕೆ ಮೊದಲು ಬೇವಿನ ಕಟ್ಟೆಯ ಮೇಲೆ ಮೂರು ದಿನ ವಾದ ನಡೆಯಿತಂತೆ. ಕಂಪನಿಯ ರಾಡೇ ಹಾಕಬೇಕು, ಎಂಜಿನ್ನಿಗೆ ಅರಗಿನ ಸೀಲು ಒತ್ತಬೇಕು, ಪಂದ್ಯ ಮುಗಿಯುವ ಮೊದಲು ಬಿಚ್ಚಿದವನು ಹೊರಗೆ ಎಂದು ಹುಸೇನಪ್ಪ ಪಟ್ಟು ಹಿಡಿದ.

"ಸೀಲು ಕಳ್ಳನ್ನ ಹಿಡಿತೈತಿ, ಬಿರುಕು ಹಿಡಿಯಂಗಿಲ್ಲ," ಅಂದನಂತೆ ಮೌನೇಶ. ಸೋಲುವ ಭಯಕ್ಕೆ ಹಾಗಂತಾನೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಟ್ಟಳೆ ಗಟ್ಟಿಯಾಯಿತು, ಎಲ್ಲ ಎಂಜಿನ್ನಿಗೂ ಹುಸೇನಪ್ಪನೇ ಸೀಲು ಒತ್ತಿದ.

ಆ ವರ್ಷ ಹುಸೇನಪ್ಪನ ತಮ್ಮ ಮೌಲಪ್ಪ ಕೊನೆಯ ಓಟದವರೆಗೂ ಗೆದ್ದುಕೊಂಡು ಬಂದ. ಗೆರೆಯ ಬಳಿ ನಿಂತು ಅಣ್ಣನನ್ನು ಕರೆದ.

"ಅಣ್ಣಾ, ಸಪ್ಪಳ ಬ್ಯಾರೆ ಬರಾಕತ್ತೈತಿ. ಬಿಚ್ಚಿ ನೋಡೂಣೇನು?"

ಹಾಕುವ ಮೊದಲು ತಟ್ಟಿ ನೋಡಿದ ರಾಡೇ. ಆದರೆ ಆರು ಓಟ ಓಡಿತ್ತು. ಸದ್ದು ಬದಲಾಗಿದ್ದು ಹುಸೇನಪ್ಪನಿಗೆ ತಮ್ಮನಿಗಿಂತ ಮೊದಲೇ ಕೇಳಿಸಿತ್ತಂತೆ. ಎದುರಿಗೆ ಮೌನೇಶ ನಿಂತಿದ್ದ, ಊರೇ ನಿಂತಿತ್ತು. ತಾನೇ ಮಾಡಿದ ಕಟ್ಟಳೆಯನ್ನು ಮನೆಯವನಿಗಾಗಿ ಮುರಿದರೆ ನಾಳೆ ಮುಖ ಎತ್ತಿ ತಿರುಗುವುದು ಹೇಗೆ?

"ಏನೂ ಆಗಂಗಿಲ್ಲ, ಹೋಗು," ಅಂದ.

ಅರ್ಧ ದಾರಿಯಲ್ಲಿ ರಾಡು ತುಂಡಾಗಿ ಎಂಜಿನ್ ಕಚ್ಚಿಕೊಂಡಿತು. ಹಿಂದಿನ ಗಾಲಿ ಸೆಟೆದು ನಿಂತಿತು. ಬಿದ್ದ ಮೌಲಪ್ಪ ಮತ್ತೆ ಏಳಲಿಲ್ಲ. ಹುಸೇನಪ್ಪ ಓಡಿ ಹೋಗಿ ನೋಡಿದರೆ ಅರಗಿನ ಸೀಲು ಒತ್ತಿದ ಹಾಗೇ ಇತ್ತಂತೆ.

ಆಮೇಲೆ ಅವನು ಕಿವಿಗೆ ಹತ್ತಿ ಇಟ್ಟುಕೊಂಡೇ ಬದುಕಿದ ಅನ್ನುತ್ತಾರೆ. ಪಾಪ ಅನ್ನುವವರು ಅನ್ನಲಿ, ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಈಗಲೂ ಅಲ್ಲಿ ಓಟಕ್ಕೆ ಮೊದಲು ಎಲ್ಲ ಎಂಜಿನ್ ಆರಿಸಿ, ಆ ಮುರಿದ ರಾಡಿನ ತುಂಡನ್ನು ದಾರಕ್ಕೆ ಕಟ್ಟಿ ಒಮ್ಮೆ ತಟ್ಟುತ್ತಾರೆ. ಆಮೇಲೆ ಬಿಚ್ಚಿ ನೋಡಬೇಕೇನು ಎಂದು ಓಡಿಸುವವನನ್ನು ಕೇಳುತ್ತಾರೆ. ಕೇಳುವವನು ಎದುರಾಳಿಯ ಮೆಕ್ಯಾನಿಕ್. ಹೂಂ ಅಂದರೆ ಸೀಲು ಒಡೆಯುವವನೂ ಅವನೇ. ಅಷ್ಟು ಹೊತ್ತು ಓಡಿಸುವವನ ಮನೆಯವರು ಗೆರೆಯ ಹತ್ತಿರ ಬರುವಂತಿಲ್ಲ.